ಕಣ್ಣಳತೆಯ ಜೇನು

“ಗುರುಗಳೇ, ಬೀಜ ನಾನು ಹಾಕಿದ್ದು, ನೀರೂ ನಾನೇ ಹೊಯ್ದದ್ದು. ಬಳ್ಳಿ ಮಾತ್ರ ಪಕ್ಕದ ಮನೆಯ ಅಜ್ಜಿಯ ಹೆಂಚಿನ ಮಾಡಿಗೆ ಹತ್ತಿ ಅಲ್ಲಿ ಕಾಯಿ ಬಿಟ್ಟಿತು. ಈಗ ಈ ಕಾಯಿ ಯಾರದು?”

ಕೇಳಿದ ಶಿಷ್ಯನ ತೊಡೆಯ ಮೇಲೆ ಸೋರೆಕಾಯಿ ಮಲಗಿತ್ತು. ಒಣಗಿಸಿದರೆ ತಂಬೂರಿಗೆ ಒಳ್ಳೆಯ ಬುರುಡೆಯಾಗುವಂಥ ಕಾಯಿ. ಅವನ ಎರಡೂ ಮೊಣಕಾಲಿಗೆ ಕೆಂಪು ಧೂಳು ಮೆತ್ತಿತ್ತು.

ಗುರುಗಳು ಕಾಯಿಯನ್ನು ನೋಡಿದರು. ಮೊಣಕಾಲನ್ನೂ ನೋಡಿದರು.

“ಇದಕ್ಕೆ ಉತ್ತರ ಬಲ್ಲವರು ಮೂರು ಲೋಕದಲ್ಲಿ ಇಬ್ಬರೇ. ಇನ್ನೊಬ್ಬರು ಯಾರೆಂದು ನನಗೆ ಗೊತ್ತಿಲ್ಲ,” ಎಂದರು. “ಕತೆ ಕೇಳು. ಒಂದಕ್ಷರ ಸುಳ್ಳಿಲ್ಲ. ನಾನು ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲು ಕಣ್ಣಾರೆ ಕಂಡದ್ದು.”

ಒಂದು ಸೀಮೆಯಲ್ಲಿ ಒಬ್ಬ ಜೇನುಗಾರನಿದ್ದ. ಅವನಿಗೆ ಹೊಲವಿರಲಿಲ್ಲ, ಹಸುವಿರಲಿಲ್ಲ. ಜಗಲಿಯ ಮೂಲೆಯಲ್ಲಿ ಒಂದು ಮಡಕೆ, ಮಡಕೆಯೊಳಗೆ ಒಂದು ಹಿಂಡು ಜೇನು. ಅದೇ ಅವನ ಹೊಲ, ಅದೇ ಹಸು.

ಆ ಸೀಮೆಯಲ್ಲಿ ಜೇನಿಗೆಂದೇ ಒಂದು ಕಟ್ಟಳೆ ಇತ್ತು. ಸಾಕಿದ ಜೇನು ಎದ್ದು ಹಾರಿದರೆ ಒಡೆಯ ಅದರ ಬೆನ್ನು ಹತ್ತಬೇಕು. ಕಣ್ಣು ಕೀಳದೆ ಹಿಂಬಾಲಿಸುವತನಕ ಅದು ಅವನದು. ಒಮ್ಮೆ ಕಣ್ಣು ತಪ್ಪಿತೋ, ಅದು ಯಾರದೂ ಅಲ್ಲ. ಕಾಡಿನ ಜೇನಿನ ಹಾಗೆ, ಮೊದಲು ಮಡಕೆಗೆ ಇಳಿಸಿಕೊಂಡವನದು. ಬೆನ್ನು ಹತ್ತಿದವನನ್ನು ಯಾರ ಬೇಲಿಯೂ ತಡೆಯಬಾರದು. ಆದರೆ ದಾರಿಯಲ್ಲಿ ಅವನು ಕೆಡಿಸಿದ್ದಕ್ಕೆಲ್ಲ ಅವನೇ ಹೊಣೆ.

ಒಂದು ದಿನ ನಡುಹಗಲಿನಲ್ಲಿ ಜೇನು ಎದ್ದಿತು.

ಮೊದಲು ಮಡಕೆ ಗುನುಗಿತು. ಆಮೇಲೆ ಅದರ ಬಾಯಿಂದ ಹೊಗೆಯಂತೆ ಹಿಂಡು ಹೊರಬಂದು, ಅಂಗಳದ ಮೇಲೆ ಒಂದು ಸುತ್ತು ಸುತ್ತಿ ಮೂಡಣಕ್ಕೆ ತೇಲಿತು. ಜೇನುಗಾರ ಉಣ್ಣುತ್ತಿದ್ದ. ಕೈಯನ್ನೂ ತೊಳೆಯದೆ ಹಿಂದೆ ಹೊರಟ.

ಕಣ್ಣು ಆಕಾಶದಲ್ಲಿ ನೆಟ್ಟಿತ್ತು. ಲೋಕವೆಲ್ಲ ಅವನ ಅಂಗಾಲಿಗೆ ಇಳಿದಿತ್ತು. ತಣ್ಣಗೆ ಮೆತ್ತಗೆ ತಾಗಿದರೆ ಅದು ರಾಗಿಯ ಪೈರು. ಎಳೆ ಎಳೆಯಾಗಿ ಬೆರಳಿಗೆ ಸುತ್ತಿಕೊಂಡರೆ ಬಿಸಿಲಿಗೆ ಹರವಿದ ನೂಲು. ಕಾಲಡಿಯಲ್ಲಿ ಪಚಕ್ಕನೆ ಕುಸಿದರೆ ಹಸಿ ಮಡಕೆ. ಯಾರೋ ಕೂಗಿದರು, ಯಾರೋ ಶಾಪ ಹಾಕಿದರು. ಆ ದನಿಗಳು ನೀರಿನಡಿಯಿಂದ ಬಂದಂತೆ ಕೇಳಿದವು. ಹೊಳೆಯನ್ನು ಯಾವಾಗ ದಾಟಿದನೋ ತಿಳಿಯಲಿಲ್ಲ; ಪಂಚೆ ಒದ್ದೆಯಾದದ್ದರಿಂದ ಹೊಳೆ ಇತ್ತೆಂದು ಗೊತ್ತಾಯಿತು. ಕೈಯಲ್ಲಿ ಒಣಗಿದ ಅಗುಳುಗಳನ್ನು ಗುಬ್ಬಿಗಳು ಬಂದು ಹೆಕ್ಕಿ ತಿಂದವು. ಅವನಿಗೆ ಯಾರೋ ಕೈಹಿಡಿದು ನಡೆಸುತ್ತಿದ್ದಾರೆ ಎನ್ನಿಸಿತು.

ಮೇಲೆ ಜೇನು ಒಮ್ಮೆ ಮೋಡವಾಗುತ್ತಿತ್ತು, ಒಮ್ಮೆ ಮೀನಿನ ಹಿಂಡಾಗುತ್ತಿತ್ತು, ಒಮ್ಮೆ ಎಂದೋ ತೀರಿಹೋದ ಅವನ ತಾಯಿಯ ಸೆರಗಾಗುತ್ತಿತ್ತು. ಅವನು ರೆಪ್ಪೆ ಬಡಿಯಲಿಲ್ಲ. ಎಷ್ಟು ಹೊತ್ತು ಬಡಿಯಲಿಲ್ಲವೆಂದರೆ, ಒಂದು ಜೇಡ ಬಂದು ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆಗೆ ಬಲೆ ಕಟ್ಟಿ ಎರಡು ಸೊಳ್ಳೆ ಹಿಡಿಯಿತು. ಆ ಜೇಡವನ್ನು ನಾನು ಮಾತಾಡಿಸಿದ್ದೇನೆ. ಸೂರ್ಯನಿಗೂ ಕುತೂಹಲ; ಇವನ ರೆಪ್ಪೆ ಯಾವಾಗ ಬಿದ್ದೀತೆಂದು ನಡುನೆತ್ತಿಯಲ್ಲೇ ನಿಂತುಬಿಟ್ಟ. ಅದಕ್ಕೇ ಆ ಮಧ್ಯಾಹ್ನ ಏಳೂರು ಉದ್ದ ಇತ್ತು.

ಕೊನೆಗೆ ಜೇನು ಒಬ್ಬ ವರ್ತಕನ ಹಿತ್ತಿಲಿನ ಹಲಸಿನ ಮರಕ್ಕೆ ಗೊಂಚಲಾಗಿ ಜೋತಿತು. ಜೇನುಗಾರ ಮರ ಹತ್ತುವ ಮೊದಲೇ ವರ್ತಕ ಹೊಸ ಮಡಕೆ ಹಿಡಿದು ಅಡ್ಡ ಬಂದ. ಗದ್ದಲ ಕೇಳಿ ಊರ ಹಿರಿಯರೂ ಬಂದರು.

“ಮರ ನನ್ನದು, ಕೊಂಬೆ ನನ್ನದು. ಕೊಂಬೆಗೆ ಜೋತದ್ದು ಇವನದು ಹೇಗಾದೀತು?” ಎಂದ ವರ್ತಕ.

“ಮರ ಬಿಟ್ಟ ಹಣ್ಣು ನಿಮ್ಮದು ಸ್ವಾಮಿ. ಇದು ನನ್ನ ಜಗಲಿಯಿಂದ ಎದ್ದು ಬಂದದ್ದು. ನಾನು ಕಣ್ಣು ಕೀಳದೆ ಹಿಂದೆ ಬಂದಿದ್ದೇನೆ.”

“ಕೀಳಲಿಲ್ಲ ಎನ್ನುವುದನ್ನು ಕಂಡವರು ಯಾರು?”

ಜೇನುಗಾರ ಏಳೂರು ದಾಟಿ ಬಂದಿದ್ದ. ಒಬ್ಬರ ಮುಖವನ್ನೂ ಕಂಡಿರಲಿಲ್ಲ. ಕಾಣದವರನ್ನು ಸಾಕ್ಷಿಗೆ ಕರೆಯುವುದು ಹೇಗೆ? ಸಾಕ್ಷಿಯಿಲ್ಲದಿದ್ದರೆ ಜೇನು ಯಾರದೂ ಅಲ್ಲ. ಮಡಕೆ ವರ್ತಕನ ಕೈಯಲ್ಲಿತ್ತು.

ಅಷ್ಟರಲ್ಲಿ ಹಿತ್ತಿಲಿನ ಬಾಗಿಲಲ್ಲಿ ಧೂಳೆದ್ದಿತು. ಬಾಡಿದ ಪೈರು ಹಿಡಿದ ಒಬ್ಬ ರೈತ, ಗೋಜಲಾದ ನೂಲು ಹೊತ್ತ ಒಬ್ಬ ನೇಕಾರ, ಇಬ್ಬರಿಗಿಂತ ಮುಂದೆ ಒಬ್ಬ ಕುಂಬಾರಗಿತ್ತಿ. ಅವನು ಜೇನಿನ ಬೆನ್ನು ಹತ್ತಿದ ಹಾಗೆ ಇವರು ಅವನ ಬೆನ್ನು ಹತ್ತಿ ಬಂದಿದ್ದರು, ಇವರೂ ಕಣ್ಣು ಕೀಳದೆ. ದನಿಗಳ ಗುರುತು ಸಿಕ್ಕಿ ಜೇನುಗಾರ, ಕಣ್ಣು ಗೊಂಚಲಿನಲ್ಲೇ ಇಟ್ಟು, ಮರದ ಮರೆಗೆ ಸರಿದ.

“ಎಲ್ಲಿ ಆ ಮಹಾರಾಯ?” ಕುಂಬಾರಗಿತ್ತಿ ಕೂಗಿದಳು. “ಹನ್ನೊಂದು ಹಸಿ ಮಡಕೆ ತುಳಿದ! ಒಂದನ್ನಾದರೂ ಬಗ್ಗಿ ನೋಡಿದನೇ? ನಾನು ಬೈದೆ. ನನ್ನ ಬೈಗುಳಕ್ಕೆ ಗುಡಿಯೊಳಗಿನ ಕಲ್ಲುದೇವರೂ ತಿರುಗಿ ನೋಡುತ್ತಾನೆ. ಇವನು ತಿರುಗಲಿಲ್ಲ!”

ಹಿರಿಯರು ತಲೆ ಎತ್ತಿದರು. ವರ್ತಕ ಬೇಗ ಅವಳ ಪಕ್ಕಕ್ಕೆ ಸರಿದ. “ತಾಯಿ, ಒಮ್ಮೆ ತಿರುಗಿ ನೋಡಿದ ಎಂದುಬಿಡು. ಹನ್ನೊಂದಕ್ಕೆ ಇಪ್ಪತ್ತೆರಡು ಮಡಕೆಯ ಬೆಲೆ ಕೊಡುತ್ತೇನೆ,” ಎಂದು ಕಿವಿಯಲ್ಲಿ ಹೇಳಿದ.

ಮೆಲ್ಲಗೆ ಮಾತಾಡುವ ವಿದ್ಯೆ ಅವಳಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. “ಒಮ್ಮೆ ತಿರುಗಿ ನೋಡಿದ್ದರೆ ನಾನು ಇಷ್ಟು ದೂರ ನಡೆಯುತ್ತಿದ್ದೆನೇನಯ್ಯಾ?” ಎಂದು ಊರಿಗೆಲ್ಲ ಕೇಳುವಂತೆ ಕೇಳಿದಳು.

ನೇಕಾರ ಹೌದೆಂದ. ರೈತ ಹೌದೆಂದ. ಜೇನು ಜೇನುಗಾರನದೆಂದು ಹಿರಿಯರು ಹೇಳಿದರು. ಪೈರು, ನೂಲು, ಮಡಕೆ ಅವನ ಹೊಣೆಯೆಂದೂ ಅದೇ ಉಸಿರಿನಲ್ಲಿ ಹೇಳಿದರು.

ಜೇನುಗಾರ ಆಗ ರೆಪ್ಪೆ ಬಡಿದ. ಜೇಡ ನೆಲಕ್ಕೆ ಬಿತ್ತು. ಸೂರ್ಯ ಮುಂದಕ್ಕೆ ಹೊರಟ. ತಾನು ತುಳಿದು ಬಂದವರ ಮುಖಗಳನ್ನು ಅವನು ಮೊದಲ ಬಾರಿಗೆ ಕಂಡ.

ಆ ವರ್ಷದ ಜೇನುತುಪ್ಪದಲ್ಲಿ ಅವನ ನಾಲಗೆಗೆ ಒಂದು ಹನಿಯೂ ಬೀಳಲಿಲ್ಲ. ಎಲ್ಲ ಪೈರಿಗೆ, ನೂಲಿಗೆ, ಮಡಕೆಗೆ ಹೋಯಿತು. ಮರುವರ್ಷ ಜೇನು ಮತ್ತೆ ಎದ್ದಿತು. ಅವನು ಮತ್ತೆ ಆಕಾಶ ನೋಡುತ್ತ ಹೊರಟ. ಈ ಸಲ ಅಂಗಾಲಿಗೆ ಮಣ್ಣಲ್ಲದೆ ಏನೂ ತಾಗಲಿಲ್ಲ. ನೀರಿನಡಿಯಿಂದ ಬಂದಂತೆ ಒಂದು ದನಿ ಮಾತ್ರ ಕೇಳಿತು: “ಎಡಕ್ಕೆ ಹೋಗೋ ಮಹಾರಾಯಾ, ಮಡಕೆ ಬಲಕ್ಕಿದೆ!”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

“ಹಾಗಾದರೆ ಕಾಯಿ ನನ್ನದೇ ಗುರುಗಳೇ! ಹೂವಾದ ದಿನದಿಂದ ನಾನೂ ಅದರ ಮೇಲಿನ ಕಣ್ಣು ಕಿತ್ತಿಲ್ಲ.”

“ಕಾಯಿ ಯಾರದೆಂದು ಅಜ್ಜಿಯೇ ಹೇಳುತ್ತಾಳೆ, ಮೊದಲು ನೀನು ಹೋಗಿ ಅವಳ ಹೆಂಚು ಎಷ್ಟು ಒಡೆದೆಯೆಂದು ಹೇಳು.”

ಶಿಷ್ಯ ಎರಡೂ ಅಂಗೈಗಳಿಂದ ಮೊಣಕಾಲು ಮುಚ್ಚಿಕೊಂಡ.