ಅಜ್ಜ ಕಟ್ಟಿಸಿದ ಶಂಖ

ದ್ವೀಪದ ದಂಡೆಯಲ್ಲಿ ಏಡಿಗಳು ಕಿಕ್ಕಿರಿದಿದ್ದವು. ಒಂದೊಂದೂ ಯಾರೋ ಬಿಟ್ಟುಹೋದ ಶಂಖವನ್ನೇ ಮನೆ ಮಾಡಿಕೊಂಡಿತ್ತು. ಒಂದು ದಿನ ಅಲೆಯೊಂದು ಹೊಸ ಏಡಿಯನ್ನು ತಂದು ಎಸೆಯಿತು.

"ತೊಲಗು! ನಾವು ಇಲ್ಲಿಯ ಮೂಲನಿವಾಸಿಗಳು. ಈ ಶಂಖ ನಮ್ಮ ಅಜ್ಜ ಕಟ್ಟಿಸಿದ್ದು!" ಎಂದು ಹಿರಿಯ ಏಡಿ ಮುಂಗಾಲೆತ್ತಿ ಅಬ್ಬರಿಸಿತು.

ಅದರ ಬೆನ್ನ ಮೇಲಿದ್ದ ಶಂಖಕ್ಕೆ ನಗು ತಡೆಯಲಾಗಲಿಲ್ಲ. "ಅಯ್ಯಾ, ನನ್ನನ್ನು ಕಟ್ಟಿದ್ದು ಒಂದು ಶಂಖದಹುಳು! ಅದೂ ಅಲೆಯ ಮೇಲೇ ಬಂದದ್ದು. ನೀನು ಬಂದಾಗ ನನ್ನೊಳಗಿದ್ದ ಏಡಿಯೂ ಹೀಗೇ ಅಬ್ಬರಿಸಿತ್ತು, ಮರೆತೆಯಾ?"

ಏಡಿಗಳೆಲ್ಲ ಗೊಳ್ಳೆಂದು ನಕ್ಕವು. ಹಿರಿಯ ಏಡಿ ನಾಚಿಕೊಂಡು ಪಕ್ಕದ ಖಾಲಿ ಶಂಖವನ್ನು ತೋರಿಸಿತು. ಹೊಸ ಏಡಿ ಕುಣಿಯುತ್ತ ಅದರೊಳಗೆ ನುಗ್ಗಿತು.

ಅಷ್ಟರಲ್ಲಿ ಮತ್ತೊಂದು ಅಲೆ ಬಂತು, ಮತ್ತೊಂದು ಏಡಿ ದಂಡೆಗೆ ಬಿತ್ತು.

ಎಲ್ಲರಿಗಿಂತ ಮೊದಲು ಓಡಿಬಂದು ಮುಂಗಾಲೆತ್ತಿದ್ದು ಈಗಷ್ಟೇ ಖಾಲಿ ಶಂಖ ಹೊಕ್ಕಿದ್ದ ಏಡಿಯೇ: "ತೊಲಗು! ಈ ಶಂಖ ನಮ್ಮ ಅಜ್ಜ ಕಟ್ಟಿಸಿದ್ದು!"