ಸುಕ್ರ ಕೂತ ಕಲ್ಲು

ಶರಾವತಿ ಕಡಲು ಸೇರುವಲ್ಲಿಂದ ದಕ್ಷಿಣಕ್ಕೆ, ಕೆಳಗಿನಬೇಲೆ ಎಂಬ ಮೀನುಗಾರರ ಊರಿನ ಎದುರಿಗೆ, ಎರಡು ಹರದಾರಿ ದೂರದ ನೀರಿನಲ್ಲಿ ಒಂದು ಕರಿಯ ಕಲ್ಲಿದೆ. ದಡದಿಂದ ನೋಡಿದರೆ ಕವುಚಿ ಹಾಕಿದ ಬುಟ್ಟಿಯಷ್ಟೇ ಕಾಣುತ್ತದೆ. ಅದರ ಮೇಲೆ ಮನುಷ್ಯ ನಿಂತಿದ್ದರೂ ಹಕ್ಕಿ ಕೂತಿದ್ದರೂ ದಡದವರಿಗೆ ಒಂದೇ. ಮಾರ್ಗಶಿರದಲ್ಲಿ ನೀರು ತಿಳಿಯಾಯಿತೆಂದರೆ ಈಗ ಅಲ್ಲಿಗೆ ಎಲ್ಲೆಲ್ಲಿಯದೋ ಜನ ಬರುತ್ತಾರೆ. ಕಣ್ಣಿಗೆ ಗಾಜು, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಮುಳುಗುತ್ತಾರೆ. ಅವರು ನೋಡಬಂದದ್ದು ಕೊಂಬು ತೊರಕೆ ಎಂಬ ಚಪ್ಪಟೆ ಮೈಯ ದೊಡ್ಡ ಮೀನನ್ನು. ಬಾಲದ ಮುಳ್ಳಿಂದ ಚುಚ್ಚುವ ಸಾಮಾನ್ಯ ತೊರಕೆ ಅಲ್ಲ ಇದು. ಮುಳ್ಳಿಲ್ಲ, ಕಚ್ಚುವುದಿಲ್ಲ, ಆದರೆ ಮೈ ಹರಡಿದರೆ ಮನೆಯ ಅಂಗಳಕ್ಕೆ ಚಪ್ಪರ ಹಾಕಿದಷ್ಟು ಅಗಲ. ಬಾಯಿಯ ಎರಡು ಕಡೆ ಕೊಂಬಿನಂಥ ಎರಡು ಮಡಿಕೆ. ಕಲ್ಲಿನ ಸುತ್ತ ಅವು ನಿಧಾನವಾಗಿ ಸುತ್ತು ಬರುವುದನ್ನು ಕಂಡವರು ಮೇಲೆ ಬಂದು, ದೋಣಿಯಂಚು ಹಿಡಿದು ಮತ್ತೆ ನೀರನ್ನೇ ಇಣುಕುತ್ತಾರೆ. ಆಮೇಲೆ ಕಲ್ಲಿನ ಹೆಸರು ಕೇಳುತ್ತಾರೆ. ದೋಣಿಯ ಹುಡುಗರು, ಸುಕ್ರ ಕೂತ ಕಲ್ಲು, ಇಲ್ಲಿ ಶುಕ್ರಾಚಾರ್ಯರು ತಪಸ್ಸಿಗೆ ಕೂತಿದ್ದರು ಎಂದುಬಿಡುತ್ತಾರೆ. ಏನು ಹೇಳೋಣ! ಪಚ್ಚಿಲೆಯ ಚಿಪ್ಪು ಕಾಲು ಕೊಯ್ಯುವ ಕಲ್ಲಿನ ಮೇಲೆ ತಪಸ್ಸು ಮಾಡಲು ಋಷಿಗೇನು ಗ್ರಹಚಾರ? ಅಲ್ಲಿ ಕೂತವನು ನಮ್ಮ ಊರಿನ ಸುಕ್ರ. ಅವನು ಕೂತದ್ದಕ್ಕೆ ಊರೇ ಕಾರಣ ಎನ್ನುತ್ತಾರೆ, ಹಳಬರು, ಅದೂ ದನಿ ತಗ್ಗಿಸಿ.

ಹಿಂದೆ ಒಮ್ಮೆ, ದೋಣಿಗಳಿಗೆ ಹುಟ್ಟು ಮತ್ತು ಹಾಯಿ ಬಿಟ್ಟರೆ ಬೇರೇನೂ ಇಲ್ಲದ ಕಾಲದಲ್ಲಿ, ಕೆಳಗಿನಬೇಲೆಯ ಗಂಡಸರು ಕಲ್ಲಿಗೆ ಅಂಟಿದ ಪಚ್ಚಿಲೆಯನ್ನು, ಅಂದರೆ ತಿನ್ನುವ ಹಸಿರು ಕಪ್ಪೆಚಿಪ್ಪನ್ನು, ಮುಳುಗಿ ಕಿತ್ತು ತರುತ್ತಿದ್ದರು. ಅದಕ್ಕೊಂದು ಕಟ್ಟುಕಟ್ಟಳೆ ಇತ್ತು. ಮುಳುಗುವವನ ಸೊಂಟಕ್ಕೆ ನಾರಿನ ಹಗ್ಗ. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಕೂತ ಅವನ ಹೆಂಡತಿಯ ತಮ್ಮನ ಅಥವಾ ಅಣ್ಣನ ಕೈಯಲ್ಲಿ. ಸ್ವಂತ ಅಣ್ಣತಮ್ಮನ ಕೈಗೂ ಕೊಡುತ್ತಿರಲಿಲ್ಲ, ಅವರಿಗೆ ಪಾಲಿನ ಆಸೆ ಇದ್ದೀತೆಂದು ಗುಮಾನಿ. ಹೆಂಡತಿಯ ಒಡಹುಟ್ಟಿದವನಾದರೆ ಅಕ್ಕತಂಗಿಯ ತಾಳಿ ಕಾಯುತ್ತಾನೆ ಎಂಬುದು ಲೆಕ್ಕಾಚಾರ. ಮುಳುಗಿದವನು ಎರಡು ಸಲ ಜಗ್ಗಿದರೆ ಮೇಲೆಳೆಯಬೇಕು. ಒಂದು ವೇಳೆ ಹಗ್ಗ ಹಿಡಿದವನು ಒಬ್ಬನೇ ಮರಳಿದರೆ, ಅವನು ಉಬ್ಬರದ ಗೆರೆ ದಾಟಿ ಊರೊಳಗೆ ಕಾಲಿಡುವಂತಿಲ್ಲ. ಅವನ ಅಕ್ಕನೋ ತಂಗಿಯೋ ಚೆಂಬಿನಲ್ಲಿ ನೀರು ತಂದು ಅವನ ಕಾಲಿಗೆ ಹೊಯ್ದರೆ ಅವನು ನಿರಪರಾಧಿ. ಚೆಂಬನ್ನು ಮರಳಿನ ಮೇಲೆ ಬೋರಲು ಹಾಕಿದರೆ ಅವನಿಗೆ ಊರೂ ಇಲ್ಲ, ನೆಂಟರೂ ಇಲ್ಲ. ಅದು ತೀರ್ಮಾನವಾಗುವವರೆಗೆ ಅವಘಡ ನಡೆದ ನೀರಿಗೆ ಯಾರೂ ದೋಣಿ ಒಯ್ಯುವಂತಿಲ್ಲ. ಈ ಕೊನೆಯ ಮಾತನ್ನು ಯಾವ ಬುದ್ಧಿವಂತ ಸೇರಿಸಿದನೋ ತಿಳಿಯದು.

ಸುಕ್ರನ ಹೆಂಡತಿ ಮಂಕಾಳಿ. ಅವಳ ತಮ್ಮ ಬೊಮ್ಮ, ಸುಕ್ರನ ಹಗ್ಗ ಹಿಡಿಯುವವನು. ಒಂದು ದಿನ ಬೆಳಿಗ್ಗೆ ಆ ದೂರದ ಕಲ್ಲಿಗೆ ಹೋದ ಇಬ್ಬರಲ್ಲಿ ಬೊಮ್ಮ ಒಬ್ಬನೇ, ಮರುದಿನ ಮಧ್ಯಾಹ್ನ, ಒಂದೇ ಹುಟ್ಟು ಹಾಕುತ್ತ ತೆಂಕಣ ದಿಕ್ಕಿನಿಂದ ಬಂದ. ನೀರಿಗಿಳಿದು ಮೊದಲು ಕೂಗಿದ್ದೇ, "ದೋಣಿ ಕಳಿಸಿ, ಭಾವ ಅಲ್ಲೇ ಇದ್ದಾನೆ!" ಎಂದು. ಆಮೇಲೆ ಹೇಳಿದ ಕತೆ ಇದು. ಭಾವ ಮುಳುಗಿದ್ದಾಗ ಕೊಂಬಿರುವ ದೊಡ್ಡದೊಂದು ಪ್ರಾಣಿ ಬಂದು ಲಂಗರಿನ ಹಗ್ಗವನ್ನು ಕೊಂಬಿಗೆ ಸಿಕ್ಕಿಸಿಕೊಂಡು ದೋಣಿಯನ್ನೇ ಎಳೆದುಕೊಂಡು ಓಡಿತು. ಭಾವನೂ ಹಗ್ಗದ ತುದಿಯಲ್ಲಿ ನೀರೊಳಗೇ ಎಳೆತಕ್ಕೆ ಸಿಕ್ಕಿ ಹೋಗುತ್ತಿದ್ದ. ಉಸಿರು ಕಟ್ಟಿ ಸಾಯುತ್ತಾನೆಂದು ಹೆದರಿ ಬೊಮ್ಮ ಅವನ ಹಗ್ಗ ಕೊಯ್ದ. ದೋಣಿ ಎಲ್ಲೋ ಹೋಯಿತು, ಒಂದು ಹುಟ್ಟು ನೀರುಪಾಲಾಯಿತು, ರಾತ್ರಿಯೆಲ್ಲ ತೇಲಿ ಬೇರೆ ಯಾವುದೋ ದಡ ಸೇರಿ ಬಂದ.

ಊರಿನ ತಾಂಡೇಲ ಶನಿಯಪ್ಪ, ಎಲ್ಲ ದೋಣಿಗಳಿಗೂ ಹಿರಿಯ, ಹಗ್ಗದ ತುದಿ ಎತ್ತಿ ನೋಡಿದ. ಕಲ್ಲಿಗೆ ಉಜ್ಜಿ ಹರಿದದ್ದಲ್ಲ, ಕತ್ತಿಯಲ್ಲಿ ನೀಟಾಗಿ ಕೊಯ್ದದ್ದು. "ಎಳೆದದ್ದು ಲಂಗರಿನ ಹಗ್ಗ ಅಂದ್ಯಲ್ಲ. ಕೊಯ್ಯೂದಾದ್ರೆ ಅದನ್ನ ಕೊಯ್ಯಬೇಕಿತ್ತು. ಭಾವನ ಹಗ್ಗ ಎಂತಕ್ಕೆ ಕೊಯ್ದೆ ಮಾರಾಯ?" ಎಂದ. ಬೊಮ್ಮ ದೋಣಿಯ ಕಡೆ ಕೈ ತೋರಿಸಿದ. ಲಂಗರಿನ ಹಗ್ಗ ಮೂತಿಯಲ್ಲಿತ್ತು, ಇದು ಕೈಯಲ್ಲಿತ್ತು, ಹೊತ್ತಿರಲಿಲ್ಲ ಎಂದ. ಅಷ್ಟು ಸಣ್ಣ ಉತ್ತರವನ್ನು ಯಾರೂ ಒಪ್ಪಲಿಲ್ಲ. ಬೊಮ್ಮ ಮರಳಿನಲ್ಲಿ ಮೊಣಕಾಲೂರಿ, "ನನ್ನ ಕೈಕಾಲು ಕಟ್ಟಿ ಹಾಕಿ, ಒಂದೇ ಒಂದು ದೋಣಿ ಕಳಿಸಿ" ಎಂದು ಗೋಗರೆದ. ಗುರುತು ಅಳಿಸಲಿಕ್ಕೆ ಏನೋ ಹೂಟ ಎಂದರು. ಸುಕ್ರನಂಥ ಈಜುಗಾರ ಬದುಕಿದ್ದರೆ ಇಷ್ಟೊತ್ತಿಗೆ ದಡದಲ್ಲಿರುತ್ತಿದ್ದ ಎಂದರು. ದೋಣಿಯನ್ನು ಕವುಚಿ ಹಾಕಿ, ಉಳಿದ ಒಂದು ಹುಟ್ಟನ್ನೂ ಒಯ್ದರು.

ಈಗ ಎಲ್ಲವೂ ಮಂಕಾಳಿಯ ಚೆಂಬಿನ ಮೇಲೆ ನಿಂತಿತು. ಅವಳಿಗೋ ಹೊಟ್ಟೆಯೊಳಗೆ ಸಂಶಯ ಹೊಕ್ಕಿತ್ತು. ಆರೆಂಟು ದಿನದ ಹಿಂದೆ ಬೊಮ್ಮ ಹಗ್ಗ ಹಿಡಿದು ತೂಕಡಿಸಿದನೆಂದು ಸುಕ್ರ ನಾಲ್ಕು ಜನರೆದುರು ಅವನ ಕೆನ್ನೆಗೆ ಬಾರಿಸಿದ್ದ. ಹೊಡೆಸಿಕೊಂಡ ತಮ್ಮನ ಕಣ್ಣನ್ನು ಅವಳು ನೋಡಿದ್ದಳು. ದಡದ ಬಂಡೆ ಬಿಟ್ಟು ಅಷ್ಟು ದೂರದ ಕಲ್ಲಿಗೆ ಹೋಗೋಣ ಎಂದು ಗಂಡನ ಬೆನ್ನು ಹತ್ತಿದವನೂ ಬೊಮ್ಮನೇ. ತಾನೇ ಎತ್ತಿ ಆಡಿಸಿದ ತಮ್ಮ, ಛೆ, ಇರಲಾರದು ಎಂದುಕೊಂಡರೆ ಆ ಕೊಯ್ದ ಹಗ್ಗ ಕಣ್ಣೆದುರು ಬರುತ್ತಿತ್ತು. ದಿನವೂ ಚೆಂಬು ತುಂಬಿ ಬೇಲೆಯ ಮರಳಿನವರೆಗೆ ಹೋಗುತ್ತಿದ್ದಳು. ಕವುಚಿದ ದೋಣಿಯ ನೆರಳಲ್ಲಿ ಕೂತ ಬೊಮ್ಮ ಎದ್ದು ನಿಲ್ಲುತ್ತಿದ್ದ. ಕಾಲಿನ ನೀರನ್ನು ಕೇಳುತ್ತಿರಲಿಲ್ಲ. "ಅಕ್ಕಾ, ದೋಣಿ" ಎನ್ನುತ್ತಿದ್ದ. ಆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದೇ ಅವಳಿಗೆ ಕಳ್ಳಾಟದಂತೆ ಕಂಡಿತು. ಹಾಗೇ ತಿರುಗಿ ಬರುತ್ತಿದ್ದಳು. ಹೀಗೆ ಐದು ದಿನ ಹೋಯಿತು.

ಆರನೆಯ ಬೆಳಿಗ್ಗೆ ಅವಳು ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಪಚ್ಚಿಲೆ ಬಿಡಿಸುವ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿ ಬಂದಳು. ನೀರು ಕೊಡುವವಳು ನಾನು, ಕಣ್ಣಾರೆ ನೋಡದೆ ಕೊಡುವುದಿಲ್ಲ, ದೋಣಿ ತಿರುಗಿಸಿ ಎಂದಳು. ಹೆಂಗಸು ಕಡಲಿಗಿಳಿಯುವುದು ಅಂದಿಗೆ ಕೇಳಿದ ಮಾತಲ್ಲ. "ಕಡಲು ಒಬ್ಬನ್ನ ತಿಂದದ್ದು ಸಾಲದಾ? ಹಗ್ಗ ಯಾರು ಹಿಡೀತಾರೆ ನಿಂದು?" ಎಂದು ಶನಿಯಪ್ಪ ಗದರಿದ. "ಇವನೇ ಹಿಡೀಲಿ. ಮನಸ್ಸಲ್ಲಿ ಎಂತ ಉಂಟು ಗೊತ್ತಾಗ್ತದಲ್ಲ," ಎಂದಳು ಮಂಕಾಳಿ. ನೀರಿನ ಹಕ್ಕು ಅವಳದ್ದಾದ್ದರಿಂದ ತಾಂಡೇಲ ದೋಣಿ ಮಗುಚಿಸಿ ಹುಟ್ಟು ಕೊಡಿಸಿದ.

ಎರಡು ಹರದಾರಿ ದಾರಿಯುದ್ದಕ್ಕೂ ಅಕ್ಕ ತಮ್ಮನ ಕೈಯ ಮೇಲೇ ಕಣ್ಣಿಟ್ಟು ಕೂತಿದ್ದಳಂತೆ. ಕಲ್ಲು ಹತ್ತಿರವಾದಂತೆ ಬೊಮ್ಮ ಹುಟ್ಟು ನಿಲ್ಲಿಸಿ "ಭಾವಾ!" ಎಂದು ಕೂಗಿದ. ಹಕ್ಕಿಗಳೆದ್ದವು, ಬೇರೇನಿಲ್ಲ. ಈ ಕೂಗು ನನಗೆ ಕೇಳಿಸಲಿಕ್ಕೇ ಇರಬೇಕು ಎಂದುಕೊಂಡಳು ಮಂಕಾಳಿ. ಕಲ್ಲಿನ ಪಡುವಣ ಮಗ್ಗುಲಲ್ಲಿ, ಭಾವ ಮುಳುಗಿದ್ದ ಜಾಗದಲ್ಲೇ, ಬೊಮ್ಮ ಲಂಗರು ಬಿಟ್ಟ. ಅವಳು ಹಗ್ಗವನ್ನು ತಾನೇ ಗಂಟು ಹಾಕಿಕೊಂಡಳು, ಅವನ ಕೈಯಿಂದ ಹಾಕಿಸಿಕೊಳ್ಳಲಿಲ್ಲ. ನೀರು ಅಷ್ಟು ತಿಳಿಯಾಗಿತ್ತು, ತಳದ ಮರಳಿನ ಮೇಲೆ ದೋಣಿಯ ನೆರಳು ಕಾಣುತ್ತಿತ್ತು. ಮೂರು ಸಲ ಮುಳುಗಿ ಎದ್ದಳು. ಏನೂ ಇಲ್ಲ. ಮತ್ತೆ ಮತ್ತೆ ಮೇಲೆ ನೋಡಿ ಹಗ್ಗ ಸಡಿಲವಿದೆಯೇ ಎಂದು ಪರೀಕ್ಷಿಸಿದಳು. ನಾಲ್ಕನೆಯ ಸಲ ಇಳಿದಾಗ ತಳದ ಮೇಲೆ ಎರಡನೆಯದೊಂದು ನೆರಳು ಕಂಡಿತು, ದೋಣಿಗಿಂತ ಅಗಲವಾದದ್ದು, ಮತ್ತು ಅದು ನಡೆಯುತ್ತಿತ್ತು.

ತಲೆಯೆತ್ತಿದರೆ ಮೇಲೆ ಬಿಳಿಯ ಹೊಟ್ಟೆ, ಹೊಟ್ಟೆಯ ತುಂಬ ಮಸಿ ಚಿಮುಕಿಸಿದಂಥ ಚುಕ್ಕೆ. ಎರಡು ಕಡೆಯ ರೆಕ್ಕೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಅವಸರವೇ ಇಲ್ಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕಲ್ಲಿನ ಹತ್ತಿರ ಬಂದು ನಿಂತವು. ಬೆರಳುದ್ದದ ಮೀನುಗಳು ಕಲ್ಲಿನ ಸಂದಿಯಿಂದ ಹೊರಟು ಅವುಗಳ ಮೈ, ಕಿವಿರು, ಬಾಯಿಯ ಒಳಗಿನ ಕೊಳೆಯನ್ನೂ ಹೆಕ್ಕಿ ತಿನ್ನತೊಡಗಿದವು. ಅಷ್ಟು ದೊಡ್ಡ ಜೀವ, ಎಣ್ಣೆ ಹಚ್ಚಿಸಿಕೊಳ್ಳುವ ಕೂಸಿನ ಹಾಗೆ ಸುಮ್ಮನಿತ್ತು. ಒಂದು ಹತ್ತಿರ ಬಂದು, ಕಣ್ಣನ್ನು ಹೊರಳಿಸಿ ಅವಳನ್ನು ನೋಡಿತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಇಷ್ಟು ಚಂದದ್ದು ಉಂಟಾ ಎಂದು ಗಂಡ ಸತ್ತ ದುಃಖವನ್ನೂ ಒಂದು ಗಳಿಗೆ ಮರೆತಳು. ಮರುಗಳಿಗೆಗೆ ಸಂಶಯ ಮತ್ತೆ ತಲೆಯೆತ್ತಿತು. ಇಂಥ ಸಾಧು ಪ್ರಾಣಿ ದೋಣಿ ಎಳೆಯುತ್ತದೆಯೇ? ಬೊಮ್ಮ ಸುಳ್ಳೇ ಹೇಳಿದ್ದು. ಚೂರಿಯ ಮೇಲೆ ಅವಳ ಕೈ ಹೋಯಿತು.

ಅಷ್ಟರಲ್ಲಿ ಹಿಂದಿನ ತೊರಕೆ ತಿರುಗುವಾಗ ಲಂಗರಿನ ಹಗ್ಗ ಅದರ ಎರಡು ಕೊಂಬಿನ ನಡುವೆ ಸಿಕ್ಕಿತು. ಆ ಪ್ರಾಣಿಗೆ ಹಿಂದಕ್ಕೆ ಸರಿಯಲು ಬಾರದು. ಹೆದರಿದರೆ ಮುಂದಕ್ಕೇ ಹೋಗಬೇಕು. ಅದು ಹೋಯಿತು. ಲಂಗರು ಕಿತ್ತು ಬಂತು, ದೋಣಿಯ ನೆರಳು ಸರ್ರನೆ ಜಾರಿತು, ಮಂಕಾಳಿಯ ಸೊಂಟಕ್ಕೆ ಯಾರೋ ಒದ್ದಂತಾಯಿತು. ಉಸಿರಿಗೆಂದು ಮೇಲೆ ಬರಲು ನೋಡಿದರೆ ಹಗ್ಗ ಅಡ್ಡಕ್ಕೆ ಎಳೆಯಿತು. ಪಚ್ಚಿಲೆಯ ಚಿಪ್ಪಿನ ಮೇಲೆ ತೊಡೆ ಕೊಯ್ದುಹೋಯಿತು. ಕೊಯ್ಯೋ ಬೊಮ್ಮಾ, ಕೊಯ್ಯೋ, ಎಂದು ಮನಸ್ಸು ಕಿರಿಚಿತು. ಅವನು ಕೊಯ್ಯಲಿಲ್ಲ. ಊರೆಲ್ಲ ಸೇರಿ ಕಲಿಸಿತ್ತಲ್ಲ, ಅಕ್ಕನ ಹಗ್ಗ ಮುಟ್ಟದೆ, ಕತ್ತಿ ಹಿಡಿದು, ಮುಳುಗೇಳುವ ದೋಣಿಯ ಮೂತಿಯ ಕಡೆಗೆ ತೆವಳುತ್ತಿದ್ದ. ಯಾವ ಹಗ್ಗ ಎಂದು ಆರಿಸುತ್ತ ಕೂರುವಷ್ಟು ಹೊತ್ತು ನೀರಿನ ಕೆಳಗೆ ಇರುವುದಿಲ್ಲ. ಮಂಕಾಳಿ ತನ್ನ ಕೈಗೆ ಸಿಕ್ಕ ಹಗ್ಗವನ್ನು, ತನ್ನ ಸೊಂಟದ್ದನ್ನೇ, ಒಂದೇ ಏಟಿಗೆ ಕೊಯ್ದಳು.

ಅಲೆ ಅವಳನ್ನು ಕಲ್ಲಿಗೆ ಎತ್ತಿ ಹಾಕಿತು. ಕೆಮ್ಮಿ, ನೀರು ಕಾರಿ, ಪಡುವಣ ಮಗ್ಗುಲಿನ ಒಂದು ಸೀಳಿನೊಳಗೆ ಅಂಬೆಗಾಲಲ್ಲಿ ಹೋದಳು. ಅಲ್ಲಿ ರಾಶಿ ಬಿದ್ದಿತ್ತು ಪಚ್ಚಿಲೆಯ ಚಿಪ್ಪು, ಅಲೆ ಒಡೆದದ್ದಲ್ಲ, ಪಚ್ಚಿಲೆ ಕೀಳುವ ಉಳಿಯಿಂದ ಮೀಟಿ ತೆರೆದದ್ದು. ಪಕ್ಕದಲ್ಲಿ ಸುಕ್ರನ ತಲೆವಸ್ತ್ರ, ರಕ್ತ ಒಣಗಿದ್ದು, ಗಾಯಕ್ಕೆ ಕಟ್ಟಿ ಬಿಚ್ಚಿದ್ದು. ಹಾರಿಹೋಗದಂತೆ ಒಂದು ಕಲ್ಲಿನ ಕೆಳಗೆ ಒತ್ತಿಟ್ಟ ಹಗ್ಗದ ಕುಣಿಕೆ. ಮಂಕಾಳಿ ಏಳು ವರ್ಷದವಳಿದ್ದಾಗಿನಿಂದ ಪಚ್ಚಿಲೆ ಬಿಡಿಸಿದವಳು. ಚಿಪ್ಪು ಜೋಡಿಸುವ ನರ ಮೊದಲ ದಿನ ಮೆತ್ತಗಿರುತ್ತದೆ, ಮೂರು ದಿನಕ್ಕೆ ಗರಿಗರಿಯಾಗಿ ಮುರಿಯುತ್ತದೆ. ರಾಶಿಯ ಕೆಳಗಿನವು ಮುಟ್ಟಿದರೆ ಮುರಿದವು. ನಡುವಿನವು ಬಾಗಿ ಮುರಿದವು. ಎಲ್ಲಕ್ಕಿಂತ ಮೇಲಿನ ನಾಲ್ಕಾರು ಮುರಿಯಲೇ ಇಲ್ಲ. ಒಂದರಲ್ಲಿ ಮಾಂಸದ ಚೂರು ಇನ್ನೂ ಹಸಿಯಾಗಿ ಅಂಟಿತ್ತು.

ಬೊಮ್ಮ ಲಂಗರಿನ ಹಗ್ಗ ಕೊಯ್ದು, ಅಕ್ಕ ಸತ್ತಳೆಂದೇ ಗೋಳಾಡುತ್ತ ಹುಟ್ಟು ಹಾಕಿ ಬಂದಾಗ ಅವಳು ಆ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಕಾಲು ಕೊಯ್ದುಕೊಂಡವನು, ಈಜಲಾರದವನು, ಸುಕ್ರ ಚಿಪ್ಪಿನ ನೀರು ಹೀರಿ ಐದು ದಿನ ಕಾದಿದ್ದ. ಇನ್ನು ಯಾರೂ ಬರುವುದಿಲ್ಲವೆಂದು ಕೊನೆಗೆ ಅದೇ ಕಾಲಲ್ಲಿ ನೀರಿಗಿಳಿದು ಕಡಲ ಪಾಲಾಗಿದ್ದ. "ನಿನ್ನೆಯದು ಬೊಮ್ಮಾ," ಎಂದಳು, "ಇದು ನಿನ್ನೆಯದು." ಬೊಮ್ಮ, ನಾನು ಅಂದೇ ಹೇಳಿರಲಿಲ್ಲವೇ ಎಂದು ಕೇಳಲಿಲ್ಲ. ಕೇಳಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಅವಳು ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ.

ಸಂಜೆ ದಡದಲ್ಲಿ ಊರೆಲ್ಲ ಕಾದಿತ್ತು. ಮಂಕಾಳಿ ಚೆಂಬು ತರಿಸಿ ತಮ್ಮನ ಎರಡೂ ಕಾಲಿಗೆ ನೀರು ಹೊಯ್ದಳು. ಚಿಪ್ಪನ್ನು ಶನಿಯಪ್ಪನ ಕೈಗೆ ಕೊಟ್ಟಳು. ಅವನಿಗೂ ಪಚ್ಚಿಲೆ ಗೊತ್ತು, ವಿವರಿಸಬೇಕಾಗಲಿಲ್ಲ. "ಇವನಿಗೆ ನೀರು ನಾ ಕೊಟ್ಟೆ. ನನಗೆ ಯಾರು ಕೊಡ್ತೀರಿ?" ಎಂದು ಕೇಳಿ, ಉಬ್ಬರದ ಗೆರೆಯ ಕೆಳಗೆ ಮರಳಿನಲ್ಲಿ ಕೂತುಬಿಟ್ಟಳು. ಶನಿಯಪ್ಪನೂ ಅವಳಿಂದ ಹತ್ತು ಮಾರು ದೂರದಲ್ಲಿ ಕೂತ. ಒಬ್ಬೊಬ್ಬರಾಗಿ ಊರೇ ಅಲ್ಲಿ ಕೂತಿತು, ಎನ್ನುತ್ತಾರೆ. ಮೂರನೆಯ ದಿನ ಬೊಮ್ಮ ಅಕ್ಕನ ಕಾಲಿಗೆ ನೀರು ತಂದ. ಉಳಿದವರಿಗೆ ತಂದನೋ ಇಲ್ಲವೋ, ಅದನ್ನು ಕೇಳಿದರೆ ನಮ್ಮಲ್ಲಿ ಈಗಲೂ ಮಾತು ಬದಲಿಸುತ್ತಾರೆ.

ಅಂದಿನಿಂದ ಕೆಳಗಿನಬೇಲೆಯಲ್ಲಿ ಕಡಲಿಗೆ ಹೋದವನು ಬರದಿದ್ದರೆ ಮೊದಲು ದೋಣಿ ಹೊರಡುತ್ತದೆ, ಪ್ರಶ್ನೆಗಳು ದೋಣಿ ಮರಳಿದ ಮೇಲೆ. ಆ ಕಲ್ಲಿನ ಪಚ್ಚಿಲೆಯನ್ನು ಊರವರು ಯಾರೂ ಕೀಳುವುದಿಲ್ಲ. ಅದಕ್ಕೇ ಅಲ್ಲಿ ಅಂಗೈ ಉದ್ದದವು ಹಸಿರಾಗಿ ಒತ್ತಿಕೊಂಡು ಬೆಳೆದಿವೆ. ತೊರಕೆಗಳು ಇಂದಿಗೂ ಬಂದು ಮೈ ತಿಕ್ಕಿಸಿಕೊಂಡು ಹೋಗುತ್ತವೆ. ನೋಡಲು ಬಂದವರು ದಣಿದು ಕಲ್ಲು ಹತ್ತಿದರೆ ಪಡುವಣ ಮಗ್ಗುಲಿನ ಸೀಳಿನಲ್ಲಿ, ಬಿಸಿಲು ತಾಗದ ಕಡೆ, ಮುಚ್ಚಿಟ್ಟ ಒಂದು ಮಣ್ಣಿನ ಹರವಿ ಕಾಣುತ್ತದೆ. ಹೂವಿಲ್ಲ, ಕುಂಕುಮವಿಲ್ಲ, ದೇವರೂ ಇಲ್ಲ. ಎಂಟು ದಿನಕ್ಕೊಮ್ಮೆ ಮೀನಿಗೆ ಹೋಗುವ ಯಾವುದಾದರೂ ದೋಣಿ ಅಲ್ಲಿ ನಿಂತು, ಹಳೆಯದನ್ನು ಚೆಲ್ಲಿ ಬಾವಿಯ ನೀರು ತುಂಬಿಸಿ ಹೋಗುತ್ತದೆ. ಇದು ಯಾವ ದೇವರ ತೀರ್ಥ ಎಂದು ಯಾರಾದರೂ ಕೇಳಿದರೆ, ಶುಕ್ರಾಚಾರ್ಯರ ಕತೆ ಹೇಳುವ ಹುಡುಗರೂ ಆಗ ಸುಳ್ಳು ಹೇಳುವುದಿಲ್ಲ. "ತೀರ್ಥ ಅಲ್ಲ, ಕುಡಿಯೂ ನೀರು," ಎನ್ನುತ್ತಾರೆ. "ಯಾರಾದ್ರೂ ಕೂತಿದ್ರೆ ಬೇಕಲ್ಲ."