ಒಂಬತ್ತು ಬೆರಳಿನ ಚಿತ್ರ

"ಮಗು ಚಿತ್ರ ಬರೆಯುವಾಗ ಎಣಿಕೆ ತಪ್ಪಿದರೆ ಅಲ್ಲೇ ತಿದ್ದಬೇಕೆ, ಇಲ್ಲ ಕಾಯಬೇಕೆ?" ಎಂದು ಶಿಷ್ಯೆ ಕೇಳಿದಳು.

ಅವಳು ಎಳೆಯ ಮಕ್ಕಳಿಗೆ ಕಲಿಸುವುದನ್ನು ಕಲಿಯಲು ಬಂದವಳು. ಆ ಬೆಳಿಗ್ಗೆ ಒಂದು ಮಗು ಮೂರು ಕಾಲಿನ ಹಸುವನ್ನು ಬರೆದಿತ್ತು. ಇವಳು ಕೂಡಲೇ ನಾಲ್ಕನೆಯ ಕಾಲು ಹಾಕಿಸಿದ್ದಳು. ಗುರುಗಳು ಮೆಚ್ಚಿಯಾರು ಎಂಬ ಆಸೆ ಒಳಗೊಳಗೇ ಇತ್ತು.

ಗುರುಗಳು ಮೆಚ್ಚಲಿಲ್ಲ, ಗದರಲೂ ಇಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬಳು ಉಪಾಧ್ಯಾಯಿನಿ ಇದ್ದಳು. ಅವಳ ಶಾಲೆಗೆ ಬರುತ್ತಿದ್ದವರೆಲ್ಲ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳು. ಅವಳು ಯಾರ ಕೈಗೂ ಮೊದಲೇ ಬಳಪ ಕೊಡುತ್ತಿರಲಿಲ್ಲ. ಜೇಡಿಮಣ್ಣಿನ ಉಂಡೆ ಕಟ್ಟಿಸುತ್ತಿದ್ದಳು. ಹುಣಸೆ ಬೀಜವನ್ನು ಒಂದೊಂದಾಗಿ ಎತ್ತಿ ಸಣ್ಣ ಬಾಯಿಯ ಕುಡಿಕೆಗೆ ಹಾಕಿಸುತ್ತಿದ್ದಳು. ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಸುತ್ತಿದ್ದಳು. ಬೆರಳಿಗೆ ಬಲ ಬಂದಮೇಲೆ ಬಳಪ. ಆಮೇಲೆ ಮನುಷ್ಯನ ಚಿತ್ರ. "ಬರೆಯುತ್ತ ಎಣಿಸಿ, ಎಣಿಸುತ್ತ ಬರೆಯಿರಿ" ಎನ್ನುತ್ತಿದ್ದಳು. ಒಂದು ಮೂಗು, ಎರಡು ಕಣ್ಣು, ಈ ಕೈಗೆ ಐದು, ಆ ಕೈಗೆ ಐದು. ಮನುಷ್ಯ ಪೂರ್ತಿಯಾಗುವಷ್ಟರಲ್ಲಿ ಮಗುವಿಗೆ ಹತ್ತರವರೆಗೆ ಲೆಕ್ಕ ಬಂದಿರುತ್ತಿತ್ತು. ಬೇರೆ ಶಾಲೆಯ ಮಕ್ಕಳು ನೂರರವರೆಗೆ ಗಿಳಿಪಾಠ ಒಪ್ಪಿಸುತ್ತಿದ್ದವು. ಐದು ಬೀಜ ಕೊಡು ಎಂದರೆ ಹಿಡಿಯಷ್ಟು ಕೊಡುತ್ತಿದ್ದವು. ಇವಳ ಮಕ್ಕಳು ಐದೇ ಕೊಡುತ್ತಿದ್ದವು. ಅವಳಿಗೆ ಇದರ ಬಗ್ಗೆ ಹೆಮ್ಮೆಯಿತ್ತು. ಇರಬೇಕಾದ ಹೆಮ್ಮೆಯೇ.

ಅದೇ ಊರಿನಲ್ಲಿ ಒಬ್ಬ ಬಡಗಿ ಇದ್ದ. ಮಗಳು ಹುಟ್ಟುವ ಮೊದಲೇ ಅವನ ಎಡಗೈಯ ಕಿರುಬೆರಳು ಗರಗಸಕ್ಕೆ ಹೋಗಿತ್ತು. ತನ್ನ ಬೆರಳನ್ನೇ ಕಾಯ್ದುಕೊಳ್ಳಲಾರದವನಿಗೆ ತೇಗದ ಮರವನ್ನು ಯಾರು ನಂಬಿ ಕೊಟ್ಟಾರು ಎಂದು ಅವನಿಗೆ ಅಳುಕು. ನಾಲ್ಕು ಜನರ ಮುಂದೆ ಆ ಕೈಯನ್ನು ಹೆಗಲ ವಸ್ತ್ರದ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಮನೆಯಲ್ಲಿ ಮಾತ್ರ ಮುಚ್ಚುತ್ತಿರಲಿಲ್ಲ. ಮಗಳು ಆ ಕೈ ಹಿಡಿದೇ ನಡೆಯಲು ಕಲಿತಳು. ಅದರಲ್ಲಿ ಏನೋ ಕಡಿಮೆಯಿದೆ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಅದು ಅಪ್ಪನ ಕೈ, ಅಷ್ಟೇ.

ಉಪಾಧ್ಯಾಯಿನಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಅವಳ ಶಾಲೆಗೆ ಸೇರಿದ್ದ ಬಡಗಿಯ ಮಗು ಒಂದು ದಿನ ಸ್ಲೇಟಿನ ಮೇಲೆ ಅಪ್ಪನನ್ನು ಬರೆಯಿತು. ಬಲಗೈಗೆ ಐದು ಗೆರೆ, ಎಡಗೈಗೆ ನಾಲ್ಕು.

"ಕೈಗೆ ಬೆರಳೆಷ್ಟು, ಪುಟ್ಟಿ?" ಎಂದು ಉಪಾಧ್ಯಾಯಿನಿ ಕೇಳಿದಳು.

"ಐದು."

"ಮತ್ತೆ ಇಲ್ಲಿ?"

"ಅಪ್ಪನಿಗೆ ಇಷ್ಟೇ."

"ಇವಳಪ್ಪನ ಬೆರಳು ಇಲಿ ತಿಂದಿದೆ, ಅಕ್ಕೋರೆ" ಎಂದಿತು ಪಕ್ಕದ ಮಗು. ಎಲ್ಲ ನಕ್ಕವು. ಉಪಾಧ್ಯಾಯಿನಿಗೂ ನಗು ಬಂತು, ನುಂಗಿಕೊಂಡಳು. ಮಗುವಿನ ಕೈ ಹಿಡಿದು ಐದನೆಯ ಬೆರಳು ಬರೆಸಿದಳು.

ಮರುದಿನ ಮತ್ತೆ ನಾಲ್ಕು. ಅದರ ಮರುದಿನವೂ ನಾಲ್ಕು. ಅವಳು ಹೊಡೆಯುವವಳಲ್ಲ, ಬಹಳ ತಾಳ್ಮೆಯವಳು. ಆ ತಾಳ್ಮೆಯೇ ಮಗುವಿಗೆ ಮುಳುವಾಯಿತು. ಕೋಪಿಷ್ಠೆಯಾಗಿದ್ದರೆ ಒಂದೇಟು ಕೊಟ್ಟು ಮರೆತುಬಿಡುತ್ತಿದ್ದಳು. ಮಗುವೂ ಅತ್ತು ತನ್ನ ನಾಲ್ಕನ್ನು ಉಳಿಸಿಕೊಳ್ಳುತ್ತಿತ್ತು.

ಕೊನೆಗೆ ಬಡಗಿಯನ್ನು ಕರೆಸಿದಳು. ಅವನು ಮೆಟ್ಟಿಲ ಬಳಿಯೇ ನಿಂತ. ಎಡಗೈ ವಸ್ತ್ರದ ಕೆಳಗಿತ್ತು.

"ನಿಮ್ಮ ಮಗಳು ಜಾಣೆ. ಕೈ ಚೆನ್ನಾಗಿ ಕುದುರಿದೆ. ಇದೊಂದು ಬೆರಳಿನ ವಿಷಯದಲ್ಲಿ ಮಾತ್ರ ಯಾಕೋ ಹಟ" ಎಂದು ಸ್ಲೇಟು ತೋರಿಸಿದಳು.

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. ಹೇಳಲು ಬಾಯಿ ತೆರೆದ. ಒಳಗಿನಿಂದ ಮಕ್ಕಳೆಲ್ಲ ಇಣುಕುತ್ತಿದ್ದವು. "ಅಕ್ಕೋರು ಹೇಳಿದ್ದೇ ಸರಿ" ಎಂದು ಹೊರಟುಹೋದ.

ಆ ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಪ್ಪನಿಗೂ ಐದೇ ಬರಿ, ಮಗಾ" ಎಂದ. ಮಗು ಅವನ ಕೈ ನೋಡಿತು, ಮುಖ ನೋಡಿತು. ಮರುದಿನ ಐದು ಬರೆಯಿತು.

ಉಪಾಧ್ಯಾಯಿನಿಗೆ ಸಂತೋಷವಾಯಿತು. ಅದೇ ಚಿತ್ರವನ್ನು ಕಾಗದದ ಮೇಲೆ ಬರೆಸಿ ಗೋಡೆಗೆ ಅಂಟಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬಡಗಿ ಜ್ವರ ಬಂದು ತೀರಿಕೊಂಡ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೊರಟಳು. ಹೊರಡುವ ದಿನ ಶಾಲೆಗೆ ಬಂದಳು.

"ಮಗಳು ಬರೆದ ಅವರ ಚಿತ್ರ ಒಂದಿದ್ದರೆ ಕೊಡಿ, ಅಕ್ಕೋರೆ. ನಮ್ಮ ಮನೆಯಲ್ಲಿ ಅವರದೊಂದು ಫೋಟೋ ಇಲ್ಲ. ಆ ಕೈ ಕಂಡೀತೆಂದು ನಾಚಿಕೆಪಟ್ಟು ಅವರು ಯಾವತ್ತೂ ನಿಂತವರೇ ಅಲ್ಲ."

"ಯಾವ ಕೈ?"

"ಎಡಗೈ. ಕಿರುಬೆರಳು ಇರಲಿಲ್ಲವಲ್ಲ."

ಉಪಾಧ್ಯಾಯಿನಿ ಗೋಡೆಯ ಕಡೆ ತಿರುಗಿದಳು. ಮೊದಲಿನ ಚಿತ್ರಗಳೆಲ್ಲ ಸ್ಲೇಟಿನವು. ದಿನವೂ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಅವಳೇ.

ಅವಳು ಒಂದು ಕಾಗದ ತಂದು ಮಗುವಿನ ಮುಂದೆ ಹಾಸಿದಳು. "ಅಪ್ಪನ ಕೈ ಹೇಗಿತ್ತೋ ಹಾಗೆ ಬರಿ, ಪುಟ್ಟಿ" ಎಂದಳು.

ಮಗು ಪೆನ್ಸಿಲನ್ನು ಕಲಿಸಿದಂತೆಯೇ ಮೂರು ಬೆರಳಲ್ಲಿ ಹಿಡಿಯಿತು. ಗೆರೆ ಎಲ್ಲಿಯೂ ನಡುಗಲಿಲ್ಲ. ತಲೆ, ಮೈ, ಬಲಗೈ. ಎಡಗೈಯ ಹತ್ತಿರ ಬಂದಾಗ ಬಾಯಿಬಿಟ್ಟು ಎಣಿಸಿತು. ನಾಲ್ಕಕ್ಕೆ ನಿಂತಿತು. ಮಗು ತಲೆಯೆತ್ತಿ ಉಪಾಧ್ಯಾಯಿನಿಯ ಮುಖ ನೋಡಿ, ಐದನೆಯದನ್ನೂ ಬರೆಯಿತು.

"ನಾಲ್ಕೇ ಸಾಕು, ಕಂದ. ಅಪ್ಪನಿಗೆ ನಾಲ್ಕೇ ಇದ್ದದ್ದು" ಎಂದಳು ಉಪಾಧ್ಯಾಯಿನಿ.

ಮಗು ಚಿತ್ರವನ್ನು ಎರಡೂ ಕೈಯಿಂದ ಮುಚ್ಚಿಕೊಂಡಿತು. "ಐದು. ಅಪ್ಪನೇ ಹೇಳಿದ್ದು."

ತಾಯಿ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಕೈ ಹಿಡಿದು ಹೊರಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ. "ಕೊಡುವ ಮೊದಲು ಆ ಉಪಾಧ್ಯಾಯಿನಿಯೇ ಅದನ್ನು ತಿದ್ದಬಹುದಿತ್ತಲ್ಲ?" ಎಂದಳು.

ಗುರುಗಳು ಹೇಳಿದರು: "ತಿದ್ದೋಣವೆಂದರೆ, ಅದರಲ್ಲಿ ಅವಳು ಕಲಿಸಿದ ಲೆಕ್ಕ ಒಂದೂ ತಪ್ಪಿರಲಿಲ್ಲವಲ್ಲಮ್ಮ."